ಅಜ್ಜಿತನದ ಸೂಚ್ಯಂಕ

ಎರ್ನೆಸ್ಟೊ ಸಬಾತೊ ಎಂಬ ಹೆಸರನ್ನು ನೀವು ಭೌತವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಕಂಡಿರಲಾರಿರಿ. 1911ರಲ್ಲಿ ಅರ್ಜೆಂಟೀನಾದಲ್ಲಿ ಹುಟ್ಟಿದ ಇವರು ಲಾ ಪ್ಲಾತಾ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 1938ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕ್ಯೂರಿ ಪ್ರಯೋಗಾಲಯದಲ್ಲಿ ವಿಕಿರಣಗಳ ಬಗ್ಗೆ ಕೆಲಸ ಮಾಡಿದರು. ಊರಿಗೆ ಮರಳಿ ಕ್ವಾಂಟಂ ಸಿದ್ಧಾಂತವನ್ನೂ ಸಾಪೇಕ್ಷತೆಯನ್ನೂ ಕಲಿಸಿದರು. ನಲವತ್ತರ ದಶಕದಲ್ಲಿ ಇದ್ದಕ್ಕಿದ್ದಂತೆ ಭೌತವಿಜ್ಞಾನವನ್ನು ಬಿಟ್ಟು ಕಾದಂಬರಿ ಬರೆಯಲು ತೊಡಗಿದರು. ನಮ್ಮ ವಿಷಯಕ್ಕೆ ಅದೊಂದು ನಷ್ಟ ಎಂದು ಅವರ ಗುರುಗಳು ಬೇಸರಪಟ್ಟರಂತೆ. ಆದರೆ 1983ರ ಡಿಸೆಂಬರ್‌ನಲ್ಲಿ ಈ ಮಾಜಿ ಭೌತವಿಜ್ಞಾನಿಗೆ ಒಪ್ಪಿಸಿದ ಕೆಲಸ ಯಾವ ಪ್ರಯೋಗಾಲಯದ ಕೆಲಸಕ್ಕಿಂತಲೂ ಕಠಿಣವಾದದ್ದು. ಕಾಣೆಯಾದವರನ್ನು ಎಣಿಸುವುದು!

ಕಾಣೆಯಾದವರು ಎಂದರೆ ಜಾತ್ರೆಯಲ್ಲಿ ತಪ್ಪಿಸಿಕೊಂಡವರಲ್ಲ. 1976ರ ಮಾರ್ಚ್ 24ರಂದು ಅರ್ಜೆಂಟೀನಾದ ಸೇನೆಯ ಮೂರೂ ವಿಭಾಗಗಳ ಮುಖ್ಯಸ್ಥರು ಅಧಿಕಾರವನ್ನು ಕಸಿದುಕೊಂಡರು. ಜನರಲ್ ವಿದೇಲಾ ಅಧ್ಯಕ್ಷನಾದ. ಆಮೇಲಿನ ಏಳು ವರ್ಷಗಳಲ್ಲಿ ಕಾರ್ಮಿಕ ಮುಖಂಡರು, ವಿದ್ಯಾರ್ಥಿಗಳು, ಅಧ್ಯಾಪಕರು, ವಕೀಲರು, ವೈದ್ಯರು ಸಾವಿರಗಟ್ಟಲೆಯಲ್ಲಿ ಮನೆಯಿಂದಲೋ ಬೀದಿಯಿಂದಲೋ ಮಾಯವಾದರು. ಆ ದೇಶದ ಪರಮಾಣು ಶಕ್ತಿ ಆಯೋಗದ ಕೆಲವು ನೌಕರರೂ ಅವರಲ್ಲಿದ್ದರು. ಬಂಧಿಸಿದವರು ಸರ್ಕಾರದವರೇ. ಆದರೆ ಬಂಧಿಸಿದೆವೆಂದು ಸರ್ಕಾರ ಒಪ್ಪುತ್ತಿರಲಿಲ್ಲ. ಠಾಣೆಯಲ್ಲಿ ದಾಖಲೆಯಿಲ್ಲ, ನ್ಯಾಯಾಲಯದಲ್ಲಿ ಮೊಕದ್ದಮೆಯಿಲ್ಲ, ಸ್ಮಶಾನದಲ್ಲಿ ಗೋರಿಯಿಲ್ಲ.

ಸಬಾತೊ ಅಧ್ಯಕ್ಷತೆಯ ಆಯೋಗದಲ್ಲಿ ಗಣಿತ ಮತ್ತು ತರ್ಕಶಾಸ್ತ್ರದ ಪ್ರಾಧ್ಯಾಪಕ ಗ್ರೆಗೋರಿಯೊ ಕ್ಲಿಮೋವ್‌ಸ್ಕಿ ಸದಸ್ಯರಾಗಿದ್ದರು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಹೆಸರಾದ ರೆನೆ ಫಾವಲೋರೊ ಕೂಡ ಮೊದಲಿಗೆ ಇದ್ದು ನಂತರ ರಾಜೀನಾಮೆ ನೀಡಿದರು. ಒಂಬತ್ತು ತಿಂಗಳಲ್ಲಿ ಅವರು ಸಾವಿರಾರು ಜನರ ಹೇಳಿಕೆ ಪಡೆದರು. ಬದುಕಿ ಬಂದವರನ್ನು ಕರೆದುಕೊಂಡು ಹೋಗಿ ಗುಪ್ತ ಬಂಧನ ಕೇಂದ್ರಗಳ ಗೋಡೆ, ಮೆಟ್ಟಿಲುಗಳನ್ನು ಗುರುತಿಸಿದರು. ಕಣ್ಣು ಕಟ್ಟಿದ ಸ್ಥಿತಿಯಲ್ಲಿ ಎಣಿಸಿಟ್ಟುಕೊಂಡಿದ್ದ ಮೆಟ್ಟಿಲುಗಳ ಸಂಖ್ಯೆ, ಕೇಳಿಸಿದ ರೈಲಿನ ಸದ್ದು, ಇವೇ ಸಾಕ್ಷ್ಯ. 1984ರ ಸೆಪ್ಟೆಂಬರ್ 20ರಂದು ಅಧ್ಯಕ್ಷ ಅಲ್ಫೊನ್ಸೀನ್ ಅವರಿಗೆ ಸಲ್ಲಿಸಿದ ವರದಿಯಲ್ಲಿ 8,960 ಜನರ ಕಣ್ಮರೆ ಮತ್ತು ಸುಮಾರು 340 ಗುಪ್ತ ಬಂಧನ ಕೇಂದ್ರಗಳು ದಾಖಲಾಗಿವೆ. ಇದು ದಾಖಲೆಗೆ ಸಿಕ್ಕ ಕನಿಷ್ಠ ಸಂಖ್ಯೆ. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ಇದೇ ಸಬಾತೊ 1976ರ ಮೇ ತಿಂಗಳಲ್ಲಿ ಬೋರ್ಹೆಸ್ ಮುಂತಾದ ಲೇಖಕರ ಜೊತೆ ಜನರಲ್ ವಿದೇಲಾನ ಭೋಜನಕೂಟಕ್ಕೆ ಹೋಗಿದ್ದರು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಇತಿಹಾಸದಲ್ಲಿ ಶುದ್ಧ ಬಿಳುಪಿನ ಪಾತ್ರಗಳು ಬಹಳ ಕಡಿಮೆ.

ಚೌಕದಲ್ಲಿ ನಡೆದ ಹೆಂಗಸರು

ವರದಿಗೆ ಮೊದಲೇ, ಸೇನಾಡಳಿತ ಇನ್ನೂ ಬಲವಾಗಿದ್ದಾಗಲೇ, ಪ್ರಶ್ನೆ ಕೇಳಿದವರು ತಾಯಂದಿರು. 1977ರ ಏಪ್ರಿಲ್ 30ರಂದು ರಾಜಧಾನಿ ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದಲ್ಲಿ, ಅಧ್ಯಕ್ಷರ ಭವನದ ಎದುರಿಗೇ, 14 ಹೆಂಗಸರು ಸೇರಿದರು. ಮೂವರಿಗಿಂತ ಹೆಚ್ಚು ಜನ ನಿಲ್ಲುವಂತಿಲ್ಲ, ನಡೆಯಿರಿ ಎಂದು ಪೊಲೀಸರು ಗದರಿಸಿದರು. ಸರಿ, ಇಬ್ಬಿಬ್ಬರಾಗಿ ಕೈಹಿಡಿದು ಚೌಕದ ನಡುವಿನ ಸ್ತಂಭದ ಸುತ್ತ ನಡೆಯತೊಡಗಿದರು. ಪ್ರತಿ ಗುರುವಾರದ ಆ ನಡಿಗೆ ದಶಕಗಳ ಕಾಲ ನಿಲ್ಲಲಿಲ್ಲ. ತಲೆಗೆ ಕಟ್ಟಿಕೊಂಡ ಬಿಳಿಯ ಚೌಕಬಟ್ಟೆ ಮೊದಲಿಗೆ ಮಗುವಿಗೆ ಸುತ್ತುವ ಬಟ್ಟೆಯೇ ಆಗಿತ್ತು.

ಈ ತಾಯಂದಿರ ಪೈಕಿ ಕೆಲವರಿಗೆ ಎರಡು ಹುಡುಕಾಟ. ಅವರ ಹೆಣ್ಣುಮಕ್ಕಳು ಅಥವಾ ಸೊಸೆಯಂದಿರು ಬಂಧನದ ವೇಳೆ ಗರ್ಭಿಣಿಯರಾಗಿದ್ದರು. ಇನ್ನು ಕೆಲವರ ಮೊಮ್ಮಕ್ಕಳನ್ನು ತಂದೆತಾಯಿಯರ ಜೊತೆಗೇ ಎತ್ತಿಕೊಂಡು ಹೋಗಲಾಗಿತ್ತು. ಬಿಡುಗಡೆಯಾಗಿ ಬಂದವರ ಬಾಯಿಂದ ನಿಧಾನವಾಗಿ ಸಂಗತಿ ಹೊರಬಿತ್ತು. ಗರ್ಭಿಣಿಯರನ್ನು ಹೆರಿಗೆಯ ತನಕ ಜೀವಂತ ಇಡುತ್ತಿದ್ದರು. ಹೆರಿಗೆಯಾದ ಮೇಲೆ ತಾಯಿಯನ್ನು ಕೊಂದು, ಕೂಸನ್ನು ಸೇನೆ ಅಥವಾ ಪೊಲೀಸ್ ಕುಟುಂಬಗಳಿಗೋ ಅವರ ಪರಿಚಿತರಿಗೋ ಕೊಡುತ್ತಿದ್ದರು. ಸುಳ್ಳು ಜನನ ಪತ್ರದಲ್ಲಿ ಆ ಕೂಸು ಅವರದೇ ಮಗು. ಹೀಗೆ ಹೆಸರು ಕಳೆದುಕೊಂಡ ಮಕ್ಕಳು ಸುಮಾರು 500 ಎಂದು ಅಂದಾಜು. 1977ರ ಅಕ್ಟೋಬರ್‌ನಲ್ಲಿ 12 ಅಜ್ಜಿಯರು ತಮ್ಮದೇ ಒಂದು ಗುಂಪು ಕಟ್ಟಿಕೊಂಡರು. ಚಿಚಾ ಮಾರಿಯಾನಿ ಎಂದೇ ಎಲ್ಲರೂ ಕರೆಯುತ್ತಿದ್ದ ಕಲಾ ಅಧ್ಯಾಪಕಿ ಹಾಗೂ ಶಾಲಾ ಮುಖ್ಯೋಪಾಧ್ಯಾಯಿನಿಯಾಗಿದ್ದ ಎಸ್ತೆಲಾ ದೆ ಕಾರ್ಲೊತ್ತೊ ಈ ಗುಂಪನ್ನು ಮುನ್ನಡೆಸಿದವರು. ಇಬ್ಬರೂ ಶಾಲೆಯ ಉಪಾಧ್ಯಾಯಿನಿಯರು ಎಂಬುದನ್ನು ಈ ಪತ್ರಿಕೆಯ ಓದುಗರು ಗಮನಿಸಬಹುದು.

ಅವರ ತೊಂದರೆಯನ್ನು ಯೋಚಿಸಿ. ಹುಟ್ಟಿದ್ದನ್ನು ಕಣ್ಣಾರೆ ಕಾಣದ ಮಗು. ಹೆಣ್ಣೋ ಗಂಡೋ ಗೊತ್ತಿಲ್ಲ. ಭಾವಚಿತ್ರವಿಲ್ಲ. ಎಲ್ಲೋ ಒಂದು ಶಾಲೆಯಲ್ಲಿ ಅನುಮಾನಾಸ್ಪದ ಜನನ ಪತ್ರದ ಮಗುವೊಂದಿದೆ ಎಂದು ಯಾರೋ ಗುಟ್ಟಾಗಿ ಹೇಳಿದರು ಎನ್ನಿ. ಅದು ನಿಮ್ಮ ಮೊಮ್ಮಗು ಎಂದು ಸಾಧಿಸುವುದು ಹೇಗೆ? ಮಗುವಿನ ತಂದೆತಾಯಿ ಇಬ್ಬರೂ ಇಲ್ಲ!

ರಕ್ತಸಂಬಂಧದ ಲೆಕ್ಕ

ರಕ್ತಸಂಬಂಧ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ರಕ್ತ ಪರೀಕ್ಷೆಯಿಂದ ತಂದೆ ಯಾರೆಂದು ತಿಳಿಯಬಹುದು ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಜ್ಜಿಯರು ಈ ಮಾತನ್ನು ಅಕ್ಷರಶಃ ತೆಗೆದುಕೊಂಡರು. ನಡುವಿನ ತಲೆಮಾರು ಇಲ್ಲದಿದ್ದರೆ, ಅಜ್ಜ ಅಜ್ಜಿಯರ ರಕ್ತವಷ್ಟೇ ಸಾಕಾಗುತ್ತದೆಯೇ? ಈ ಒಂದು ಪ್ರಶ್ನೆಯನ್ನು ಹೊತ್ತು ಅವರು ಯುರೋಪು, ಅಮೆರಿಕದ ಆಸ್ಪತ್ರೆಗಳನ್ನೂ ಪ್ರಯೋಗಾಲಯಗಳನ್ನೂ ಸುತ್ತಿದರು. ಹೆಚ್ಚಿನವರಲ್ಲಿ ಉತ್ತರವಿರಲಿಲ್ಲ. ಯಾರೂ ಹಿಂದೆ ಕೇಳಿರಲಿಲ್ಲ, ಅಷ್ಟೆ. 1982ರಲ್ಲಿ ನ್ಯೂಯಾರ್ಕಿನಲ್ಲಿ ಅವರಿಗೆ ವಿಕ್ಟರ್ ಪೆಂಚಸಾದೆ ಸಿಕ್ಕರು. ಇವರು ತಾವೇ ಅರ್ಜೆಂಟೀನಾ ಬಿಟ್ಟು ಓಡಿಬಂದ ತಳಿವಿಜ್ಞಾನಿ. ಅಮೆರಿಕದ ವಿಜ್ಞಾನ ಪ್ರಗತಿ ಸಂಘದ ಮೂಲಕ ಪ್ರಶ್ನೆ ಸ್ಟ್ಯಾನ್‌ಫರ್ಡಿನ ಲೂಕಾ ಕವಾಲ್ಲಿ ಸ್ಫೋರ್ಜಾ ಅವರನ್ನು ಮುಟ್ಟಿತು. ಅವರು ಬರ್ಕ್‌ಲಿಯಲ್ಲಿದ್ದ ಮೇರಿ ಕ್ಲೇರ್ ಕಿಂಗ್ ಅವರತ್ತ ಬೆರಳು ತೋರಿಸಿದರು. ಮಾನವ ಮತ್ತು ಚಿಂಪಾಂಜಿಗಳ ಪ್ರೋಟೀನುಗಳಲ್ಲಿ ಶೇಕಡ 99ರಷ್ಟು ಸಾಮ್ಯವಿದೆ ಎಂದು 1975ರಲ್ಲಿ ತೋರಿಸಿದ, ಮುಂದೆ 1990ರಲ್ಲಿ ಸ್ತನ ಕ್ಯಾನ್ಸರಿನ ಜೀನು 17ನೇ ವರ್ಣತಂತುವಿನಲ್ಲಿದೆ ಎಂದು ಗುರುತಿಸಿದ ಅದೇ ಕಿಂಗ್.

ಎ, ಬಿ, ಓ ರಕ್ತದ ಗುಂಪುಗಳು ನಿಮಗೆ ಗೊತ್ತು. ಅವು ಸಂಬಂಧವನ್ನು ಅಲ್ಲಗಳೆಯಲು ಸಾಕಾಗುತ್ತವೆ, ಸಾಧಿಸಲು ಸಾಲವು. ಓ ಗುಂಪಿನವರು ಊರ ತುಂಬ ಇದ್ದಾರಲ್ಲ! ಬೇಕಾದದ್ದು ಜನರಿಂದ ಜನರಿಗೆ ಬಹಳವಾಗಿ ಬದಲಾಗುವ ಗುರುತು. ಅಂಥದು ನಮ್ಮ ಬಿಳಿಯ ರಕ್ತಕಣಗಳ ಮೇಲಿದೆ. ಅಂಗಾಂಗ ಕಸಿ ಮಾಡುವ ಮೊದಲು ವೈದ್ಯರು ಹೊಂದಿಸಿ ನೋಡುವ ಎಚ್‌ಎಲ್‌ಎ ಪ್ರತಿಜನಕಗಳು ಇವೇ. ಇವುಗಳ ಜೀನುಗಳು 6ನೇ ವರ್ಣತಂತುವಿನಲ್ಲಿ ಒತ್ತಾಗಿ ಕುಳಿತಿರುವುದರಿಂದ ಸಾಮಾನ್ಯವಾಗಿ ಒಂದು ಗುಚ್ಛವಾಗಿಯೇ ಮಗುವಿಗೆ ಬರುತ್ತವೆ. ನಿಮ್ಮಲ್ಲಿ ಅಂಥ ಎರಡು ಗುಚ್ಛಗಳಿವೆ; ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ.

ಈಗ ಲೆಕ್ಕಕ್ಕೆ ಬರೋಣ. ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದಾದಷ್ಟು ಸರಳಗೊಳಿಸಿದ್ದೇನೆ. ತಾಯಿಯ ಕಡೆಯ ಅಜ್ಜ ಅಜ್ಜಿಯರಲ್ಲಿ ಒಟ್ಟು ನಾಲ್ಕು ಗುಚ್ಛ, ತಂದೆಯ ಕಡೆ ನಾಲ್ಕು. ಎಂಟೂ ಬೇರೆಬೇರೆ ಎನ್ನೋಣ. ಮಗುವಿನಲ್ಲಿ ತಾಯಿಯ ಕಡೆಯ ನಾಲ್ಕರಲ್ಲಿ ಒಂದು, ತಂದೆಯ ಕಡೆಯ ನಾಲ್ಕರಲ್ಲಿ ಒಂದು ಕಂಡುಬಂದಿದೆ. ಅದು ನಿಜವಾದ ಮೊಮ್ಮಗುವಾಗಿದ್ದರೆ ನಿರ್ದಿಷ್ಟವಾಗಿ ಈ ಜೋಡಿಯೇ ಬರುವ ಸಂಭಾವ್ಯತೆ 1/4 × 1/4, ಅಂದರೆ 1/16. ಸಂಬಂಧವೇ ಇಲ್ಲದ ಯಾವುದೋ ಮಗುವಾಗಿದ್ದರೆ? ಆ ಎರಡು ಗುಚ್ಛಗಳು ಜನಸಮುದಾಯದಲ್ಲಿ ತಲಾ ನೂರಕ್ಕೆ ಒಂದರಂತೆ ಇವೆ ಎಂದಿಟ್ಟುಕೊಂಡರೆ, ಒಬ್ಬರಲ್ಲೇ ಎರಡೂ ಇರುವ ಸಂಭಾವ್ಯತೆ 2 × 1/100 × 1/100, ಅಂದರೆ 1/5,000. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 312.5 ಬರುತ್ತದೆ. ಸಾಕ್ಷ್ಯವು ಸಂಬಂಧದ ಕಡೆಗೆ 312 ಪಟ್ಟು ವಾಲುತ್ತದೆ ಎಂದರ್ಥ. ಪರೀಕ್ಷೆಗೆ ಮೊದಲು ಇದೆ ಅಥವಾ ಇಲ್ಲ ಎಂಬ ಎರಡೂ ಸಾಧ್ಯತೆಗಳಿಗೆ ಸಮಾನ ತೂಕ ಕೊಟ್ಟರೆ, ಬೇಯ್ಸ್ ಪ್ರಮೇಯದ ಪ್ರಕಾರ ಸಂಬಂಧದ ಸಂಭಾವ್ಯತೆ 312.5/313.5, ಸುಮಾರು ಶೇಕಡ 99.7. ಇದಕ್ಕೆ ಸ್ವತಂತ್ರವಾದ ಬೇರೆ ರಕ್ತದ ಗುರುತುಗಳನ್ನು ಗುಣಿಸುತ್ತ ಹೋದರೆ ಸಂಖ್ಯೆ ಇನ್ನೂ ಏರುತ್ತದೆ. ಅಜ್ಜ ತೀರಿಕೊಂಡಿದ್ದರೆ ಚಿಕ್ಕಪ್ಪ, ಸೋದರಮಾವ, ಅತ್ತೆಯರ ರಕ್ತದಿಂದ ಅವರ ಗುಚ್ಛಗಳನ್ನು ಮರುರಚಿಸಬಹುದು.

ಕಿಂಗ್, ಪೆಂಚಸಾದೆ, ಫ್ರಾನ್ಸಿನ ಪಿಯೆರ್ ದಾರ್ಲು ಮೊದಲಾದವರು ಸೇರಿ ರೂಪಿಸಿದ ಈ ಅಳತೆಗೆ ಇಟ್ಟ ಹೆಸರು ಅಜ್ಜಿತನದ ಸೂಚ್ಯಂಕ. ಬ್ಯೂನಸ್ ಐರಿಸ್‌ನ ದುರಾಂದ್ ಆಸ್ಪತ್ರೆಯಲ್ಲಿ ಆನಾ ಮರಿಯಾ ದಿ ಲೊನಾರ್ದೊ ಅವರ ಪ್ರತಿರಕ್ಷಾ ಪ್ರಯೋಗಾಲಯ ಕೆಲಸಕ್ಕೆ ಅದಾಗಲೇ ಸಜ್ಜಾಗಿತ್ತು. 1978ರಲ್ಲಿ ಎರಡು ವರ್ಷವೂ ತುಂಬದಿದ್ದಾಗ ತಂದೆತಾಯಿಯರ ಜೊತೆ ಅಪಹರಿಸಲ್ಪಟ್ಟು, ಪೊಲೀಸ್ ಅಧಿಕಾರಿಯೊಬ್ಬನ ಮಗಳೆಂದು ದಾಖಲಾಗಿದ್ದ ಬಾಲಕಿಯೊಬ್ಬಳು ಈ ಪರೀಕ್ಷೆಯಿಂದ 1984ರ ಡಿಸೆಂಬರ್‌ನಲ್ಲಿ ಅಜ್ಜಿಯ ಮಡಿಲು ಸೇರಿದಳು. ಆನುವಂಶಿಕ ಸಾಕ್ಷ್ಯದ ಬಲದಿಂದ ನ್ಯಾಯಾಲಯ ಕುಟುಂಬಕ್ಕೆ ಮರಳಿಸಿದ ಮೊದಲ ಮಗು ಆಕೆ.

ಮೇಲಿನ ಲೆಕ್ಕದಲ್ಲಿ ಒಂದು ಬಲೆ ಅಡಗಿದೆ, ವಿದ್ಯಾರ್ಥಿಗಳು ಅದನ್ನು ಗಮನಿಸಬೇಕು. ಎರಡೂ ಸಾಧ್ಯತೆಗಳಿಗೆ ಸಮಾನ ತೂಕ ಕೊಟ್ಟದ್ದು ಸರಿಯೇ? ನೆರೆಯವರ ಹೇಳಿಕೆ, ದಿನಾಂಕಗಳು, ಸೂಲಗಿತ್ತಿಯ ಸಾಕ್ಷ್ಯ ಇವೆಲ್ಲ ಒಂದೇ ಕುಟುಂಬದ ಕಡೆ ಕೈತೋರುವಾಗ ಅದು ಅತಿ ಉದಾರವೇನೂ ಅಲ್ಲ. ಆದರೆ ಯಾವ ಸುಳಿವೂ ಇಲ್ಲದ ಒಬ್ಬ ಯುವಕ ಬಂದು, ನಾನು ಯಾರ ಮಗನೋ ನೋಡಿ ಎಂದರೆ? ಆಗ ಅವನನ್ನು 300 ಕುಟುಂಬಗಳ ಜೊತೆ ಹೋಲಿಸಬೇಕು ಎಂದುಕೊಳ್ಳಿ. ಸಂಬಂಧವಿಲ್ಲದವನೊಬ್ಬ ಒಂದು ಕುಟುಂಬಕ್ಕೆ ಆಕಸ್ಮಿಕವಾಗಿ ಹೊಂದುವ ಸಂಭಾವ್ಯತೆ 16 × 1/5,000, ಅಂದರೆ ಸುಮಾರು 1/312. ಮುನ್ನೂರು ಕುಟುಂಬಗಳಲ್ಲಿ ಸರಾಸರಿ ಒಂದಕ್ಕೆ ಅವನು ಸುಮ್ಮನೆ ಹೊಂದಿಬಿಡುತ್ತಾನೆ! ಒಬ್ಬ ಅಜ್ಜಿಗೆ ತಪ್ಪು ಮೊಮ್ಮಗನನ್ನು ಕೊಡುವುದೆಂದರೆ ಇಬ್ಬರು ಅಜ್ಜಿಯರಿಗೆ ಅನ್ಯಾಯ ಮಾಡಿದಂತೆ. ಆದ್ದರಿಂದಲೇ ಇನ್ನಷ್ಟು ಹರಿತವಾದ ಸಾಧನ ಬೇಕಾಯಿತು.

ಅದು ಮೈಟೊಕಾಂಡ್ರಿಯದ ಡಿಎನ್‌ಎ ರೂಪದಲ್ಲಿ ದೊರಕಿತು. ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳಿಗೆ ತಮ್ಮದೇ ಆದ 16,569 ಪ್ರತ್ಯಾಮ್ಲ ಜೋಡಿಗಳ ಪುಟ್ಟ ಉಂಗುರವಿದೆ. 1981ರಲ್ಲಿ ಅದರ ಪೂರ್ಣ ಅನುಕ್ರಮ ಪ್ರಕಟವಾಗಿತ್ತು. ಇದು ತಾಯಿಯಿಂದ ಮಾತ್ರ ಬರುತ್ತದೆ, ಬೆರಕೆಯಾಗದೆ. ಅಂದರೆ ತಾಯಿಯ ತಾಯಿ, ತಾಯಿ, ಮಗು, ಮೂವರಲ್ಲೂ ಒಂದೇ ಬರಹ. ತಾಯಿಯ ಕಡೆಯ ಅಜ್ಜಿಯೊಬ್ಬಳೇ ಬದುಕಿದ್ದರೂ, ಆಕೆಯೂ ಇಲ್ಲದೆ ಆಕೆಯ ತಂಗಿ ಮಾತ್ರ ಇದ್ದರೂ ಕೆಲಸ ನಡೆಯುತ್ತದೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಕಿಂಗ್ ಅವರ ತಂಡ ಇದನ್ನು ಬಳಸತೊಡಗಿತು. ಪ್ರಕೃತಿಯೇ ಅಜ್ಜಿಯರಿಗೆಂದು ಇಟ್ಟಂತಿದ್ದ ಗುರುತು! ಕನ್ನಡದಲ್ಲಿ ಎರಡೂ ಕಡೆಯವರು ಅಜ್ಜಿಯರೇ, ಆದರೆ ಮೈಟೊಕಾಂಡ್ರಿಯ ಮಾತ್ರ ಭೇದ ಮಾಡುತ್ತದೆ. ತಂದೆಯ ತಾಯಿಯ ಉಂಗುರ ಮಗನಲ್ಲಿಗೆ ನಿಂತುಹೋಗುತ್ತದೆ. ಆ ಅಜ್ಜಿಗೆ ಬೇರೆ ದಾರಿ ಇದೆ. ಆಕೆ ಮಗನಿಗೆ ಕೊಟ್ಟ ಎಕ್ಸ್ ವರ್ಣತಂತುವನ್ನು ಅವನು ತನ್ನ ಮಗಳಿಗೆ ಇಡಿಯಾಗಿ ದಾಟಿಸುತ್ತಾನೆ. ಮೊಮ್ಮಗನಾದರೆ ಅಜ್ಜನ ವೈ ವರ್ಣತಂತು ನೆರವಿಗೆ ಬರುತ್ತದೆ.

1987ರಲ್ಲಿ ಅರ್ಜೆಂಟೀನಾದ ಸಂಸತ್ತು ಕಾನೂನು ಮಾಡಿ ರಾಷ್ಟ್ರೀಯ ಆನುವಂಶಿಕ ದತ್ತಾಂಶ ಬ್ಯಾಂಕನ್ನು ಸ್ಥಾಪಿಸಿತು. ಅಜ್ಜಿಯರು ತಾವು ಸತ್ತ ಮೇಲೂ ತಮ್ಮ ರಕ್ತ ಸಾಕ್ಷಿ ನುಡಿಯಲಿ ಎಂದು ಅಲ್ಲಿ ಅದನ್ನು ಠೇವಣಿ ಇಟ್ಟರು. ಆ ಮಕ್ಕಳ ಆಯುಸ್ಸನ್ನು ಅಂದಾಜು ಮಾಡಿ ಮಾದರಿಗಳನ್ನು 2050ರ ತನಕ ಕಾಪಾಡಬೇಕೆಂದು ನಿಗದಿಯಾಯಿತು.

ಮೂಳೆಗಳ ಸಾಕ್ಷ್ಯ

ಸತ್ತವರ ಕಡೆ ಕೆಲಸ ಕೆಟ್ಟದಾಗಿ ಆರಂಭವಾಗಿತ್ತು. 1984ರಲ್ಲಿ ಹೆಸರಿಲ್ಲದ ಗೋರಿಗಳನ್ನು ಬುಲ್ಡೋಜರಿನಿಂದ ಅಗೆಯುತ್ತಿದ್ದರು. ಒಬ್ಬರ ಮೂಳೆ ಇನ್ನೊಬ್ಬರದರ ಜೊತೆ ಬೆರೆತು ಹೋಗುತ್ತಿತ್ತು. ಅಜ್ಜಿಯರ ಕರೆಗೆ ಬಂದ ಅಮೆರಿಕದ ನಿಯೋಗದಲ್ಲಿದ್ದ ಮೂಳೆತಜ್ಞ ಕ್ಲೈಡ್ ಸ್ನೋ ಅದನ್ನು ಕಂಡು ನಿಲ್ಲಿಸಿರೆಂದರು. ಪ್ರಾಕ್ತನ ಶಾಸ್ತ್ರಜ್ಞರಂತೆ ಕುಂಚ, ಕರಣೆಗಳಿಂದ ಪದರಪದರವಾಗಿ ಅಗೆಯಬೇಕಿತ್ತು. ಅನುಭವಿ ವೃತ್ತಿಪರರು ಹಿಂಜರಿದರು. ಸೇನೆ ಮತ್ತೆ ಬಂದರೆ ಗತಿಯೇನು? ಮುಂದೆ ಬಂದವರು ಮಾನವಶಾಸ್ತ್ರ ಮತ್ತು ವೈದ್ಯಕೀಯ ಓದುತ್ತಿದ್ದ ಕೆಲವು ವಿದ್ಯಾರ್ಥಿಗಳು. ಅವರಿಂದ ಹುಟ್ಟಿದ ಅರ್ಜೆಂಟೀನಾದ ನ್ಯಾಯವೈದ್ಯಕೀಯ ಮಾನವಶಾಸ್ತ್ರ ತಂಡ ಮುಂದೆ ಎಲ್ ಸಾಲ್ವಡೋರ್, ಗ್ವಾಟೆಮಾಲಾ, ಬೊಲಿವಿಯ ಸೇರಿ ಹತ್ತಾರು ದೇಶಗಳಲ್ಲಿ ದುಡಿಯಿತು. 1985ರಲ್ಲಿ ಸೇನಾ ಮುಖ್ಯಸ್ಥರ ವಿಚಾರಣೆ ನಡೆದಾಗ ಸ್ನೋ ನ್ಯಾಯಾಲಯದಲ್ಲಿ ಸ್ಲೈಡುಗಳನ್ನು ತೋರಿಸುತ್ತ ಸಾಕ್ಷ್ಯ ಹೇಳಿದರು. ಒಬ್ಬ ಯುವತಿಯ ಸೊಂಟದ ಮೂಳೆಯ ಕುಳಿಗಳು ಹೆರಿಗೆಯ ಗುರುತು ಎಂದು ಆಗ ವಾದಿಸಲಾಯಿತು. ಅಂಥ ಕುಳಿಗಳನ್ನು ಖಚಿತ ಪುರಾವೆಯೆಂದು ಇಂದಿನ ತಜ್ಞರು ಒಪ್ಪುವುದಿಲ್ಲ. ಸತ್ಯದ ಪರವಾಗಿ ನಿಂತ ವಿಧಾನವನ್ನೂ ಮುಂದಿನ ಸಂಶೋಧನೆ ಪರಿಷ್ಕರಿಸುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ.

ನನ್ನ ವಿಷಯಕ್ಕೆ ಹತ್ತಿರವಾದ ಪ್ರಕರಣ ಇನ್ನೊಂದು. 1977ರ ಡಿಸೆಂಬರ್‌ನಲ್ಲಿ ನೌಕಾಪಡೆಯವರು ತಾಯಂದಿರ ಗುಂಪಿನ ಸ್ಥಾಪಕಿ ಅಸುಸೇನಾ ವಿಲ್ಯಾಫ್ಲೋರ್, ಇನ್ನಿಬ್ಬರು ತಾಯಂದಿರು, ಇಬ್ಬರು ಫ್ರೆಂಚ್ ಸನ್ಯಾಸಿನಿಯರು ಸೇರಿ 12 ಮಂದಿಯನ್ನು ಅಪಹರಿಸಿದರು. ಆ ತಾಯಂದಿರಲ್ಲಿ ಎಸ್ತೆರ್ ಬಯೆಸ್ತ್ರೀನೊ ಜೀವರಸಾಯನ ವಿಜ್ಞಾನಿ. ಐವತ್ತರ ದಶಕದಲ್ಲಿ ಅವರು ಮುಖ್ಯಸ್ಥೆಯಾಗಿದ್ದ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಹುಡುಗನೇ 2013ರಲ್ಲಿ ಪೋಪ್ ಫ್ರಾನ್ಸಿಸ್ ಆದರು. ಎಸ್ತೆರ್ ಅವರ ಗರ್ಭಿಣಿ ಮಗಳನ್ನು ಹಿಡಿದೊಯ್ದಿದ್ದವರು ಬಿಟ್ಟುಕಳಿಸಿದ್ದರು. ಮನೆಯಲ್ಲಿ ಇರಬಹುದಿತ್ತು. ಉಳಿದವರ ಮಕ್ಕಳು ಬರುವ ತನಕ ಎಂದು ಆಕೆ ಚೌಕಕ್ಕೆ ಮರಳಿದ್ದರು.

ಆ ತಿಂಗಳ ಕೊನೆಗೆ ಅಟ್ಲಾಂಟಿಕ್ ತೀರದಲ್ಲಿ ಕೆಲವು ಶವಗಳು ತೇಲಿಬಂದವು. ಅವನ್ನು ಗುರುತಿಲ್ಲದವರೆಂದು ಹೆನೆರಾಲ್ ಲವಾಯೆ ಊರಿನ ಸ್ಮಶಾನದಲ್ಲಿ ಹೂಳಲಾಯಿತು. 1995ರಲ್ಲಿ ಸಿಲಿಂಗೊ ಎಂಬ ನೌಕಾಧಿಕಾರಿ, ಬಂದಿಗಳಿಗೆ ಮತ್ತು ಬರಿಸಿ ವಿಮಾನದಿಂದ ಸಮುದ್ರಕ್ಕೆ ಎಸೆಯುತ್ತಿದ್ದೆವು ಎಂದು ಒಪ್ಪಿಕೊಂಡ. 2005ರಲ್ಲಿ ಮಾನವಶಾಸ್ತ್ರ ತಂಡ ಆ ಗೋರಿಗಳಲ್ಲಿದ್ದವರನ್ನು ಡಿಎನ್‌ಎಯಿಂದ ಗುರುತಿಸಿತು. ಮೂವರು ತಾಯಂದಿರೂ ಒಬ್ಬ ಸನ್ಯಾಸಿನಿಯೂ ಅಲ್ಲಿದ್ದರು. ಮೂಳೆಗಳ ಮುರಿತಗಳು ಎತ್ತರದಿಂದ ಗಟ್ಟಿ ಮೇಲ್ಮೈಗೆ ಬಿದ್ದಾಗ ಆಗುವಂಥವು.

ಸಮುದ್ರ ಗಟ್ಟಿ ಮೇಲ್ಮೈಯೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಬಹಳ ಎತ್ತರದಿಂದ ಬೀಳುವ ಮನುಷ್ಯದೇಹ ಗಾಳಿಯ ಎಳೆತದಿಂದಾಗಿ ಸೆಕೆಂಡಿಗೆ ಸುಮಾರು 50 ಮೀಟರ್ ಅಂತಿಮ ವೇಗ ಪಡೆಯುತ್ತದೆ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು. ಅಷ್ಟು ಬೇಗ ಅದು ಪಕ್ಕಕ್ಕೆ ಸರಿಯಲಾರದು. ಒಂದು ಮೀಟರಿನೊಳಗೆ ದೇಹ ನಿಂತಿತು ಎಂದಿಟ್ಟುಕೊಂಡರೂ ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಮಂದನ 1,250 ಬರುತ್ತದೆ. ಇದು ಗುರುತ್ವ ವೇಗೋತ್ಕರ್ಷದ 127 ಪಟ್ಟು. ನಾನು ತರಗತಿಯಲ್ಲಿ ಪ್ಯಾರಾಚೂಟಿನ ಉದಾಹರಣೆಯಾಗಿ ಎಷ್ಟೋ ಸಲ ಮಾಡಿಸಿದ ಲೆಕ್ಕ ಇದು. 28 ವರ್ಷಗಳ ಹಿಂದಿನ ಕೊಲೆಯ ವಿಧಾನವನ್ನು ಮೂಳೆಗಳು ಇದೇ ಸೂತ್ರದಲ್ಲಿ ಹೇಳಿದವು. ಅಸುಸೇನಾ ಅವರ ಚಿತಾಭಸ್ಮವನ್ನು ಅವರು ನಡೆಯುತ್ತಿದ್ದ ಚೌಕದ ಸ್ತಂಭದ ಬುಡದಲ್ಲೇ 2005ರ ಡಿಸೆಂಬರ್‌ನಲ್ಲಿ ಇರಿಸಲಾಯಿತು.

ರಾಜಿ ಎಂಬ ಮಾತು

ಇಷ್ಟೆಲ್ಲ ಆದ ಮೇಲೆ ದೇಶ ಒಂದಾಗಿ ಬಾಳುವುದು ಹೇಗೆ? ರಾಜಿ ಎಂಬ ಮಾತನ್ನು ಅರ್ಜೆಂಟೀನಾದಲ್ಲಿ ಮೊದಲು ಆಡಿದವರು ಅಪರಾಧ ಮಾಡಿದವರೇ. 1983ರ ಸೆಪ್ಟೆಂಬರ್‌ನಲ್ಲಿ ಸೇನಾಡಳಿತ ತನಗೆ ತಾನೇ ಕ್ಷಮಾದಾನ ಕೊಟ್ಟುಕೊಂಡು ಅದನ್ನು ರಾಷ್ಟ್ರೀಯ ಶಾಂತಿಯ ಕಾನೂನು ಎಂದು ಕರೆಯಿತು. ಹೊಸ ಸರ್ಕಾರ ಅದನ್ನು ರದ್ದುಮಾಡಿ 1985ರಲ್ಲಿ ವಿದೇಲಾನಿಗೆ ಜೀವಾವಧಿ ಶಿಕ್ಷೆಯಾಗುವಂತೆ ಮಾಡಿತು. ಆದರೆ ಬ್ಯಾರಕ್ಕುಗಳಲ್ಲಿ ದಂಗೆಯ ಭಯ ಹೆಚ್ಚಿದಾಗ ಅದೇ ಸರ್ಕಾರ 1986 ಮತ್ತು 1987ರ ಎರಡು ಕಾನೂನುಗಳಿಂದ ಮೊಕದ್ದಮೆಗಳಿಗೆ ತಡೆ ಹಾಕಿತು. 1989 ಮತ್ತು 1990ರಲ್ಲಿ ಅಧ್ಯಕ್ಷ ಮೆನೆಮ್ ರಾಷ್ಟ್ರೀಯ ರಾಜಿಯ ಹೆಸರಿನಲ್ಲಿ ಶಿಕ್ಷೆಯಾದವರನ್ನೂ ಕ್ಷಮಿಸಿ ಬಿಟ್ಟರು. ಕ್ಷಮಿಸುವ ಅಧಿಕಾರ ಯಾರದು, ನೊಂದವರದೋ ಸರ್ಕಾರದ್ದೋ? ತಾಯಂದಿರು ಕೇಳಿದ್ದು ಇದನ್ನೇ. ಅವರ ಬೇಡಿಕೆಯ ಮೂರು ಪದಗಳಲ್ಲಿ ರಾಜಿ ಇರಲಿಲ್ಲ. ಸ್ಮೃತಿ, ಸತ್ಯ, ನ್ಯಾಯ ಇದ್ದವು.

ಈ ಎರಡು ಕಾನೂನುಗಳಲ್ಲಿ ಒಂದು ಬಿರುಕಿತ್ತು. ಮಕ್ಕಳ ಅಪಹರಣವನ್ನು ಅವು ಮನ್ನಿಸಿರಲಿಲ್ಲ. ಆ ಬಿರುಕಿನಲ್ಲಿ ಅಜ್ಜಿಯರು ಕಾಲಿಟ್ಟರು. ಅಜ್ಜಿತನದ ಸೂಚ್ಯಂಕ ಈಗ ಕುಟುಂಬ ಕೂಡಿಸುವ ಸಾಧನ ಮಾತ್ರವಲ್ಲ, ಅಪರಾಧದ ಪುರಾವೆಯೂ ಆಯಿತು. 1998ರಲ್ಲಿ ವಿದೇಲಾ ಮತ್ತೆ ಬಂಧಿತನಾದದ್ದು ಇದೇ ಆರೋಪದ ಮೇಲೆ. 2003ರಲ್ಲಿ ಸಂಸತ್ತು ಆ ಕಾನೂನುಗಳನ್ನು ಅನೂರ್ಜಿತಗೊಳಿಸಿತು. 2005ರಲ್ಲಿ ಸುಪ್ರೀಂ ಕೋರ್ಟು ಅವು ಸಂವಿಧಾನಬಾಹಿರ ಎಂದಿತು. 2012ರ ಜುಲೈನಲ್ಲಿ, ಕೂಸುಗಳ ಕಳವು ಬಿಡಿ ಘಟನೆಗಳಲ್ಲ, ಯೋಜಿತ ಕ್ರಮ ಎಂದು ತೀರ್ಮಾನಿಸಿದ ನ್ಯಾಯಾಲಯ ವಿದೇಲಾನಿಗೆ 50 ವರ್ಷಗಳ ಶಿಕ್ಷೆ ವಿಧಿಸಿತು. ಮರುವರ್ಷ ಆತ ಸೆರೆಮನೆಯಲ್ಲೇ ಸತ್ತ.

ನೊಂದವರೆಲ್ಲ ಒಂದೇ ದನಿಯವರಾಗಿದ್ದರು ಎಂದು ತಿಳಿಯಬೇಡಿ. ತಾಯಂದಿರ ಗುಂಪು 1986ರಲ್ಲಿ ಒಡೆಯಿತು. ಹೆಬೆ ದೆ ಬೊನಾಫಿನಿ ನೇತೃತ್ವದ ಬಣ ಗೋರಿ ಅಗೆಯುವುದನ್ನೂ ಸರ್ಕಾರದ ಪರಿಹಾರ ಧನವನ್ನೂ ವಿರೋಧಿಸಿತು. ಕೊಂದವರು ಯಾರೆಂದು ಹೇಳದೆ ಮೂಳೆಯ ಪೆಟ್ಟಿಗೆ ಕೊಟ್ಟರೆ ಪ್ರಕರಣ ಮುಗಿದಂತೆ ಆಗುತ್ತದೆ ಎಂಬುದು ಅವರ ವಾದ. ಇನ್ನೊಂದು ಬಣದವರಿಗೆ ಮೂಳೆಯೂ ಬೇಕಿತ್ತು, ಹೂ ಇಡಲು ಒಂದು ಜಾಗವೂ ಬೇಕಿತ್ತು. ಕಾಣೆಯಾದವರ ಮನೆಯವರ ಸಂಕಟವನ್ನು ಮನಶ್ಶಾಸ್ತ್ರಜ್ಞೆ ಪಾಲಿನ್ ಬಾಸ್ ಅನಿಶ್ಚಿತ ನಷ್ಟ ಎಂದು ಕರೆದಿದ್ದಾರೆ. ಸತ್ತರೆಂದು ಅಳುವಂತಿಲ್ಲ, ಬರುತ್ತಾರೆಂದು ಕಾಯುವಂತಿಲ್ಲ. ಶ್ರಾದ್ಧ ಮಾಡಬೇಕೋ ಬೇಡವೋ ತಿಳಿಯದ ಮನೆಗಳನ್ನು ನಮ್ಮಲ್ಲೂ ಸಮುದ್ರ ತೀರದ ಊರುಗಳಲ್ಲಿ ಕಾಣಬಹುದು. ನನ್ನ ಮಟ್ಟಿಗೆ, ಎರಡೂ ಬಣಗಳ ವಾದದಲ್ಲಿ ಹುರುಳಿದೆ. ಬಲವಂತದಿಂದ ಗಾಯ ಮಾಯಿಸಲಾಗದು ಎಂಬುದನ್ನು ಅರಿತ ಮಾನವಶಾಸ್ತ್ರ ತಂಡ ಕುಟುಂಬಗಳ ಇಚ್ಛೆಯನ್ನು ಕೇಳಿ ಮುಂದುವರಿಯುವ ಕ್ರಮ ಇಟ್ಟುಕೊಂಡಿತು.

ಸಿಕ್ಕವರು, ಸಿಗದವರು

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಅಪ್ಪ ಎಂದು ಕರೆದವನು ತನ್ನ ಹೆತ್ತವರ ಕೊಲೆಯಲ್ಲಿ ಪಾಲುಗಾರ ಎಂದು ಒಂದು ಕಾಗದ ತಿಳಿಸುತ್ತದೆ. ಹೆಸರು, ಹುಟ್ಟುಹಬ್ಬ, ವಯಸ್ಸು ಎಲ್ಲ ಬದಲಾಗುತ್ತವೆ. ಕೆಲವರು ಅಜ್ಜಿಯರ ಬಾಗಿಲಿಗೆ ತಾವೇ ಬಂದರು. ಕೆಲವರು ರಕ್ತ ಕೊಡಲು ನಿರಾಕರಿಸಿದರು. ಸಾಕಿದವರು ಜೈಲಿಗೆ ಹೋಗುವುದು ಅವರಿಗೆ ಬೇಕಿರಲಿಲ್ಲ. ವಯಸ್ಕರಿಂದ ಬಲವಂತವಾಗಿ ರಕ್ತ ತೆಗೆಯುವಂತಿಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2009ರ ಕಾನೂನು, ಬಾಚಣಿಗೆ, ಹಲ್ಲುಜ್ಜುವ ಬ್ರಷ್‌ನಂಥ ವಸ್ತುಗಳಿಂದ ಡಿಎನ್‌ಎ ಪಡೆಯಲು ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿತು. ತನ್ನ ಮೂಲ ತಿಳಿಯದಿರುವ ಹಕ್ಕು ಒಬ್ಬನಿಗಿದೆಯೇ? ಎದುರಿಗೆ, ಮೂವತ್ತು ವರ್ಷ ಹುಡುಕಿದ ಅಜ್ಜಿಗೆ ತಿಳಿಯುವ ಹಕ್ಕಿಲ್ಲವೇ? ಈ ವಿವಾದಕ್ಕೆ ಸೂಚ್ಯಂಕದಲ್ಲಿ ಉತ್ತರ ಇಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಪ್ರತಿ ಮಗುವಿಗೂ ತನ್ನ ಗುರುತನ್ನು ಉಳಿಸಿಕೊಳ್ಳುವ ಹಕ್ಕನ್ನು ನೀಡುತ್ತದೆ. ಅದು ಅಲ್ಲಿ ಸೇರಿದ್ದು ಈ ಅಜ್ಜಿಯರ ಒತ್ತಾಯದಿಂದ. 1992ರಲ್ಲಿ ಭಾರತವೂ ಒಪ್ಪಿಕೊಂಡ ಒಡಂಬಡಿಕೆ ಇದು.

ಕಾರ್ಲೊತ್ತೊ ಅವರ ಸ್ವಂತ ಮೊಮ್ಮಗ ಸಿಕ್ಕದ್ದು 2014ರ ಆಗಸ್ಟ್‌ನಲ್ಲಿ, 114ನೆಯವನಾಗಿ. ಸಂಗೀತಗಾರನಾಗಿದ್ದ ಆತ ಅನುಮಾನ ಬಂದು ತಾನೇ ರಕ್ತ ಕೊಟ್ಟಿದ್ದ. ಅಜ್ಜಿಗೆ ಆಗ 83 ವರ್ಷ. ಚಿಚಾ ಮಾರಿಯಾನಿ ಮಾತ್ರ ತಮ್ಮ ಮೊಮ್ಮಗಳನ್ನು ಕಾಣದೆ 2018ರಲ್ಲಿ ತೀರಿಕೊಂಡರು. 2025ರ ಜುಲೈ ಹೊತ್ತಿಗೆ ಪತ್ತೆಯಾದವರು 140. ಇನ್ನೂ ಸಿಗದವರು ಅಂದಾಜು 300ಕ್ಕೂ ಹೆಚ್ಚು. ಮೊಮ್ಮಗು ಬರುವ ಮೊದಲೇ ತಾವು ಹೋಗಿಬಿಡಬಹುದೆಂದು 1998ರಿಂದ ಅಜ್ಜಿಯರು ಪ್ರತಿ ಕುಟುಂಬದ ಧ್ವನಿಮುದ್ರಣ ಸಂಗ್ರಹ ಆರಂಭಿಸಿದರು. ನಿನ್ನ ಅಮ್ಮ ಹೀಗೆ ನಗುತ್ತಿದ್ದಳು, ನಿನ್ನ ಅಪ್ಪನಿಗೆ ಈ ಆಟ ಇಷ್ಟವಿತ್ತು ಎಂಬಂಥ ಮಾತುಗಳು. ಗುರುತು ಸಿಕ್ಕವರಿಗೆ ಆ ಪೆಟ್ಟಿಗೆ ಕೊಡುತ್ತಾರೆ. ಡಿಎನ್‌ಎ ಕೊಡಲಾರದ್ದು ಅದರಲ್ಲಿರುತ್ತದೆ.

ಆಗಿನ ಕೂಸುಗಳಿಗೆ ಈಗ ಐವತ್ತರ ಆಸುಪಾಸು. ಅವರಲ್ಲಿ ಕೆಲವರು ಏನೂ ತಿಳಿಯದೆ ಸತ್ತಿರಬಹುದು; ಅವರ ಮಕ್ಕಳು ಮುಂದೊಂದು ದಿನ ಬ್ಯಾಂಕಿನ ಬಾಗಿಲಿಗೆ ಬರಬಹುದು. ಆಗ ಲೆಕ್ಕ ಏನಾಗುತ್ತದೆ? ಮರಿಮಗುವಿನಲ್ಲಿ ಆ ಎಂಟು ಗುಚ್ಛಗಳ ಪೈಕಿ ಒಂದು ಮಾತ್ರ ಇರುತ್ತದೆ, ಇನ್ನೊಂದು ಹೊರಗಿನದು. ನಿರ್ದಿಷ್ಟವಾದ ಒಂದು ಗುಚ್ಛ ಬರುವ ಸಂಭಾವ್ಯತೆ 1/8. ಮೊದಲಿನಂತೆಯೇ ನೂರಕ್ಕೆ ಒಂದರ ಲೆಕ್ಕ ಹಿಡಿದು ಬಿಡಿಸಿ ನೋಡಿ. 312.5 ಇದ್ದ ಅನುಪಾತ 6.25ಕ್ಕೆ ಇಳಿಯುತ್ತದೆ. ಕಳೆದುಹೋದವನು ಗಂಡಾಗಿದ್ದರೆ ಮೈಟೊಕಾಂಡ್ರಿಯದ ಎಳೆಯೂ ಕಡಿದಿರುತ್ತದೆ. ಒಂದು ತಲೆಮಾರು ದೂರವಾದದ್ದಕ್ಕೆ ತೆರುವ ಬೆಲೆ ಇಷ್ಟು. ಅದನ್ನು ತುಂಬಿಕೊಳ್ಳಲು ಒಂದೆರಡು ಗುರುತುಗಳ ಬದಲು ಇಡೀ ಜೀನೋಮಿನ ಲಕ್ಷಾಂತರ ಬಿಂದುಗಳನ್ನು ಹೋಲಿಸಬೇಕು. ಎಂಬತ್ತರ ದಶಕದಲ್ಲಿ ಅದು ಕನಸಾಗಿತ್ತು, ಇಂದು ಸಾಧ್ಯ. ಅಜ್ಜಿಯರ ರಕ್ತದ ಮಾದರಿಗಳು ಬ್ಯಾಂಕಿನ ಶೈತ್ಯಾಗಾರದಲ್ಲಿ ಇವೆ.